ನಡುವಿನ ಸುರುಳಿ

ಊಟದ ಮೇಜಿಗೆ ಹಳೇ ಲುಂಗಿ ಹಾಸಿ
ಗಿಟಾರನ್ನು ಬೋರಲು ಮಲಗಿಸಿದೆವು.
ಬೆಳಗಾವಿಯಿಂದ ಬಂದ ಶಾಪೂರಕರ
ಕನ್ನಡಕ ಹಣೆಗೇರಿಸಿ ಮೊದಲು ಮೂಸಿ ನೋಡಿದ.
ಬಣ್ಣ ಸುಳ್ಳು ಹೇಳೀತು, ವಾಸನೆ ಹೇಳುವುದಿಲ್ಲವಂತೆ.
ಮುಚ್ಚಿಟ್ಟ ಪೆಟ್ಟಿಗೆಯದು, ಸಿಗರೇಟಿನದು,
ಒಂದು ಚೂರು ಒಣಸಿಗಡಿಯದೂ.
"ಇದು ಸರಿ," ಅಂದ.

ಬೆನ್ನ ಮೇಲೆ ಬೆಲ್ಟಿನ ಬಕ್ಕಲು ತಿಕ್ಕಿ ತಿಕ್ಕಿ
ಮರ ಬಯಲಾದ ಗುರುತು ಎರಡು.
ಜಾಸಿಂತನ ಹೊಟ್ಟೆ ಮದುವೆಗೆ ಮುಂಚೆ ಇದ್ದ ಎತ್ತರ ಒಂದು,
ಆಮೇಲಿನದು ಒಂದು.
ಶಾಪೂರಕರ ಎರಡನ್ನೂ ಸೇರಿಸಿ
"ಸಹಜ ಸವಕಳಿ" ಎಂದು ಬರೆದುಕೊಂಡ.

ತಿರುಪೆಲ್ಲ ತುಕ್ಕು ಹಿಡಿದದ್ದು ಕಂಡು ಅವನಿಗೆ ಖುಷಿ.
ಕೋಡಿಬಾಗದಲ್ಲಿ, ಕಾಳಿ ಕಡಲಿಗೆ ಬೀಳುವ ಈ ಮೂಲೆಯಲ್ಲಿ
ಕಿಟಕಿಯ ಸರಳೇ ಹತ್ತು ವರ್ಷ ತಾಳದು;
ಹೊಳೆಯುವ ತಿರುಪು ಸಿಕ್ಕಿದರೆ
ಅದು ನಿನ್ನೆ ಬಂದ ಅಳಿಯ.

ಒಳಗೆ, ದನಿ ಏರಿಸುವ ಗುಂಡಿಯ ಹಿಂದೆ, ಏಳು ಅಂಕಿ.
ಮೊದಲ ಮೂರು ಮಾಡಿದವರದು,
ಆಮೇಲಿನೆರಡು ಇಸವಿ, ಕೊನೆಯವು ವಾರ.
ಅರವತ್ತಮೂರು, ಇಪ್ಪತ್ತನೇ ವಾರ.
ಆ ವಾರ ಜಾಸಿಂತ ಎಲ್ಲಿದ್ದನೋ,
ಯಾವ ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದನೋ.
ರಾಟರ್‌ಡ್ಯಾಮಿನಲ್ಲಿ, ಬಾಡಿಗೆ ಕಟ್ಟಲಾಗದ ಹುಡುಗನೊಬ್ಬನಿಂದ
ಇದನ್ನು ಕೊಂಡದ್ದು ಇನ್ನೂ ಮುಂದೆ.

ಕತ್ತಿನ ಬುಡದಲ್ಲಿ ಪೆನ್ಸಿಲಿನ ತಾರೀಕು. ಅಸಲಿ.
ಮೂರನೇ ಮನೆಯಲ್ಲಿ ತಂತಿ ಕೊರೆದ ಗುಳಿ. ಅಸಲಿ.
(ಜಿ ಮೇಜರ್ ಅಂದರೆ ಪ್ರಾಣ ಅವನಿಗೆ.
ಸದಾಶಿವಗಡದಿಂದ ಬಿಣಗಾದವರೆಗೆ ಎಷ್ಟು ಮಂದಿ ಮದುಮಕ್ಕಳು
ಆ ಒಂದೇ ಮನೆಯಿಂದ ಹೊರಟರು!)

ಕೊನೆಗೆ ಮೀಟರು ತೆಗೆದ.
ಒಂದನೇ ಪಿಕಪ್ಪು: ಐದು ಮುಕ್ಕಾಲು.
ಮೂರನೆಯದು: ಐದು ಮುಕ್ಕಾಲು, ಮೇಲೆ ಚಿಲ್ಲರೆ.
ನಡುವಿನದು ಏಳು ದಾಟಿತು.
ಮೀಟರನ್ನು ತೊಡೆಗೆ ಬಡಿದು ಮತ್ತೆ ಇಟ್ಟ.
ಏಳೇ.
"ಯಾರೋ ಕೈಹಾಕಿದ್ದಾರೆ," ಅಂದ.
ಬೆಲೆಯ ಅರ್ಧ ಅವನ ಹುಬ್ಬಿನಿಂದಲೇ ಉದುರಿತು.

ನನ್ನನ್ನು ಕರೆಸಿದ್ದು ಸಾಕ್ಷಿಗೆ.
ಊರಿನ ಪಂಪು, ಫ್ಯಾನು, ಮೋಟಾರು ಸುತ್ತುವವ,
ಮೋಸವಿದ್ದರೆ ಗೊತ್ತಾದೀತು ಎಂದು.
ಗೊತ್ತಾಯಿತು.
ಗುಬ್ಬಿಯ ಹಿಕ್ಕೆಯಂಥ ಆ ದಪ್ಪ ಬೆಸುಗೆ ನನ್ನದೇ.

ಎಪ್ಪತ್ತೆಂಟರ ಮೇ. ಉಪ್ಪು ತಿಂದು ಸುರುಳಿ ಸತ್ತಿತ್ತು,
ನಾಡಿದ್ದು ಮಾಜಾಳಿಯಲ್ಲಿ ರೋಸ್.
ಟೆಲಿಫೋನ್ ಆಫೀಸಿನವರು ಎಸೆದ ರಿಲೇ ಒಡೆದು
ಕೂದಲಿಗಿಂತ ತೆಳು ತಂತಿ ಬಿಚ್ಚಿದೆ.
ಪಿಯೆದಾದಳ ಹೊಲಿಗೆ ಯಂತ್ರ, ನನ್ನ ಕೈ,
ಎಣಿಕೆ ಅವಳದು:
ನೂರು ಸುತ್ತಿಗೆ ಜಪಮಾಲೆಯ ಒಂದು ಮಣಿ.
"ಇದನ್ನು ಬೇರೆ ಖಾತೆಗೆ ಬರೆದುಕೋ ಮಾಯೆ," ಎಂದು
ಗೋಡೆಯ ಕಡೆ ಒಮ್ಮೆ ನೋಡಿ ಶುರುಮಾಡಿದಳು.
ಜಾಸಿಂತ ಹೊಸ್ತಿಲಲ್ಲಿ ಉಗುರು ಕಚ್ಚುತ್ತ
ನಮ್ಮಿಬ್ಬರಿಗೂ ಬೀಸಣಿಗೆ ಹಾಕುವುದನ್ನೇ ಮರೆತಿದ್ದ.

ಬಾಯಿ ಮುಚ್ಚಿಕೊಂಡಿರಬಹುದಿತ್ತು.
ಕಾರ್ಖಾನೆಯಲ್ಲೂ ಕೈಯಲ್ಲೇ ಸುತ್ತುತ್ತಿದ್ದರು, ಸಾಹೇಬರೆ,
ಒಂದರಂತೆ ಒಂದಿರುತ್ತಿರಲಿಲ್ಲ, ಅನ್ನಬಹುದಿತ್ತು.
ಅದೂ ನಿಜವೇ.
ಆದರೆ ನಲವತ್ತು ವರ್ಷ ಕಳೆದರೂ ಬಿಡದ ಆ ಬೆಸುಗೆ ಕಂಡು
ನನಗೊಂದು ಸೊಕ್ಕು ಬಂತು.
"ಸುತ್ತಿದ್ದು ನಾನು," ಅಂದೆ.

ಶಾಪೂರಕರ ಪೆನ್ನಿನ ಟೊಪ್ಪಿ ತೆಗೆದ.
"ನಡುವಿನದು ಅಸಲಿ ಅಲ್ಲ," ಬರೆದ, ಅಡಿಗೆರೆ ಎಳೆದ,
ಆಮೇಲೆ, ವ್ಯಾಪಾರಕ್ಕಲ್ಲ, ಸುಮ್ಮನೆ ಎಂಬಂತೆ,
"ಎಷ್ಟು ಸುತ್ತು?"

ನನಗೆಲ್ಲಿ ನೆನಪು.

ಒಳಗೆ ಮೀನು ಹುರಿಯುವ ಸದ್ದು ತುಸು ತಗ್ಗಿತು.
"ಎಂಟು ಸಾವಿರದವರೆಗೆ ನನ್ನ ಲೆಕ್ಕ,"
ಪಿಯೆದಾದ್ ಅಲ್ಲಿಂದಲೇ ಅಂದಳು.
"ಆಮೇಲೆ ಇವ ನಿಲ್ಲಿಸಲಿಲ್ಲ.
ಮಗು ಎದ್ದಿತ್ತು."